ಮುಂಬಯಿ ಮನೆಯಲ್ಲೇ ಒಂದು ಹೈಫೈ ಆಂಪ್ಲಿಫೈಯರ್: ಸಾಮಾನು ತರುವುದರಿಂದ ಗುಂಯ್ ಸದ್ದು ನಿಲ್ಲಿಸುವವರೆಗೆ

ಆಂಪ್ಲಿಫೈಯರ್ ಕಟ್ಟುತ್ತೇನೆ ಅಂತ ಹೊರಟವರು ಮೊದಲು ಕೇಳುವುದೇ "ಯಾವ ಐಸಿ (ಚಿಪ್) ಹಾಕಲಿ?" ಅಂತ. ನನ್ನ ಪ್ರಕಾರ ಅದು ಕಡೆಗೆ ಕೇಳಬೇಕಾದ ಪ್ರಶ್ನೆ. ಈಗ ಸಿಗುವ ಯಾವ ಒಳ್ಳೆ ಪವರ್ ಐಸಿ ಆದರೂ ನಮ್ಮ ಕಿವಿಗೆ ಸಾಕಾಗುವಷ್ಟು ಚೊಕ್ಕವಾಗಿ ಕೆಲಸ ಮಾಡುತ್ತದೆ. ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್ ಗುಂಯ್ ಅನ್ನುವುದು, ಬಿಸಿಯಾಗಿ ಬಾಯಿ ಮುಚ್ಚಿಕೊಳ್ಳುವುದು, ವಾಲ್ಯೂಮ್ ಏರಿಸಿದರೆ ಒಡೆದ ಹಾಗೆ ಕೇಳುವುದು, ಇವೆಲ್ಲ ಟ್ರಾನ್ಸ್‌ಫಾರ್ಮರ್, ಗ್ರೌಂಡ್ ವೈರಿಂಗ್, ಶಾಖ ಹೊರಹಾಕುವ ಹೀಟ್ ಸಿಂಕ್ ಕಡೆಯಿಂದ ಬರುವ ತೊಂದರೆಗಳು. ಹಾಗಾಗಿ ಇಲ್ಲಿ ಐಸಿಗೆ ಕಮ್ಮಿ ಜಾಗ, ಉಳಿದದ್ದಕ್ಕೆ ಜಾಸ್ತಿ.

ನಾವು ಕಟ್ಟುವುದು ಸ್ಟೀರಿಯೋ, ಅಂದರೆ ಎರಡು ಚಾನೆಲ್. 8 ಓಮ್ ಸ್ಪೀಕರ್ ಹಾಕಿದರೆ ಚಾನೆಲ್‌ಗೆ ಸುಮಾರು 30 ವ್ಯಾಟ್. "ಇಷ್ಟೇನಾ?" ಅನ್ನಬೇಡಿ. ಪೆಟ್ಟಿಗೆ ಮೇಲೆ 2000 ವ್ಯಾಟ್ ಪಿಎಂಪಿಒ (ಜಾಹೀರಾತಿಗೆ ಉಬ್ಬಿಸಿದ ವ್ಯಾಟ್) ಅಂತ ಬರೆದುಕೊಂಡು ಬರುವ ಡಬ್ಬಗಳನ್ನು ನೋಡಿ ನೋಡಿ ನಮಗೆ ವ್ಯಾಟಿನ ಅಂದಾಜೇ ತಪ್ಪಿಹೋಗಿದೆ. ಸಾಮಾನ್ಯವಾದ ಒಂದು ಬುಕ್‌ಶೆಲ್ಫ್ ಸ್ಪೀಕರ್ 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಆಸುಪಾಸು ಸದ್ದು ಕೊಡುತ್ತದೆ. ಪವರ್ ಎರಡು ಪಟ್ಟು ಮಾಡಿದಾಗಲೆಲ್ಲ 3 ಡೆಸಿಬೆಲ್ ಏರುತ್ತದೆ. 30 ವ್ಯಾಟಿಗೆ ಅದು 102 ಡೆಸಿಬೆಲ್ ಹತ್ತಿರ ಹೋಗುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿ ಹಾಲ್‌ನಲ್ಲಿ ಅಷ್ಟು ಜೋರಾಗಿ ಹಾಕಿದರೆ ಮೇಲಿನ ಮಹಡಿಯವರು ಬಾಗಿಲು ತಟ್ಟುತ್ತಾರೆ, ಆಮೇಲೆ ಸೊಸೈಟಿ ಸೆಕ್ರೆಟರಿ ಬರುತ್ತಾರೆ.

ನಿಮಗೆ ಸೋಲ್ಡರಿಂಗ್ ಸ್ವಲ್ಪ ಗೊತ್ತಿರಬೇಕು, ಮಲ್ಟಿಮೀಟರ್ ಹಿಡಿಯಲು ಬರಬೇಕು. ಇಷ್ಟು ಸಾಕು. ಆದರೆ ಇದರೊಳಗೆ 230 ವೋಲ್ಟ್ ಮೇನ್ಸ್ ಬರುತ್ತದೆ. ಈ ಹಿಂದೆ ಮೇನ್ಸ್ ಮುಟ್ಟಿ ಕೆಲಸ ಮಾಡದವರು ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆ ಭಾಗ ಮಾಡಿ.

ಐಸಿ ಯಾವುದು

ನಾನು ಹೇಳುವುದು ಎಲ್‌ಎಂ3886. ಇದನ್ನು ಮಾಡಿದ್ದು ನ್ಯಾಷನಲ್ ಸೆಮಿಕಂಡಕ್ಟರ್. 2011ರಲ್ಲಿ ಆ ಕಂಪನಿಯನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡುಕೊಂಡಿತು, ಈಗ ಅವರ ಹೆಸರಲ್ಲಿ ಬರುತ್ತದೆ. ಇದರದೇ ಮನೆತನದ ಎಲ್‌ಎಂ3875 ಹಾಕಿ ಜಪಾನಿನ 47 ಲ್ಯಾಬೊರೇಟರಿಯವರು ಗೇನ್‌ಕಾರ್ಡ್ ಅನ್ನುವ ದುಬಾರಿ ಆಂಪ್ಲಿಫೈಯರ್ ಮಾಡಿದ್ದರು. ಒಳಗೆ ಬೆರಳೆಣಿಕೆಯಷ್ಟು ಬಿಡಿಭಾಗ. ಅದನ್ನು ನೋಡಿ ಪ್ರಪಂಚದ ತುಂಬ ಹವ್ಯಾಸಿಗಳು ತಮ್ಮದೇ ನಕಲು ಕಟ್ಟಲು ಶುರು ಮಾಡಿದರು. ಗೇನ್‌ಕ್ಲೋನ್ ಅನ್ನುವ ಹೆಸರು ಆ ನಕಲುಗಳಿಗೆ ಬಂದದ್ದು ಹಾಗೆ.

ಬೇರೆ ದಾರಿ ಇಲ್ಲ ಅಂತಲ್ಲ. ಟಿಡಿಎ2030 ಅಗ್ಗ, ಕಂಪ್ಯೂಟರ್ ಸ್ಪೀಕರಿಗೆ ಚೆನ್ನಾಗಿದೆ. ಟಿಡಿಎ7294 ಗಟ್ಟಿಮುಟ್ಟು. ಎಲ್‌ಎ4440 ಗಲ್ಲಿಗಲ್ಲಿಯಲ್ಲೂ ಸಿಗುತ್ತದೆ, ಆದರೆ ಅದು ಕಾರ್ ಸ್ಟೀರಿಯೋಗೆ ಮಾಡಿದ್ದು, ಹೈಫೈ ಅಂತ ಆಸೆ ಇಟ್ಟುಕೊಂಡವರು ಅದರ ತಂಟೆಗೆ ಹೋಗುವುದು ಬೇಡ. ಸ್ವಿಚಿಂಗ್ ಮಾದರಿಯ, ರೆಡಿ ಸಿಗುವ ಕ್ಲಾಸ್ ಡಿ ಬೋರ್ಡ್‌ಗಳು ತಣ್ಣಗಿರುತ್ತವೆ, ಕರೆಂಟ್ ಉಳಿಸುತ್ತವೆ. ಆದರೆ ಅದನ್ನು ತಂದು ವೈರ್ ಸಿಕ್ಕಿಸಿದರೆ ಕಟ್ಟಿದ ಹಾಗಾಯಿತಾ? ಜೋಡಿಸಿದ ಹಾಗಾಯಿತು ಅಷ್ಟೇ.

ಎಲ್‌ಎಂ3886ನಲ್ಲಿ ಎರಡು ಥರ ಬರುತ್ತದೆ. ಕೊನೆಯಲ್ಲಿ ಟಿ ಅಂತಿದ್ದರೆ ಬೆನ್ನಿಗೆ ಲೋಹದ ತಗಡು ಇರುತ್ತದೆ, ಆ ತಗಡು ಒಳಗೆ ಮೈನಸ್ ಸಪ್ಲೈಗೆ ಸೇರಿದೆ. ಟಿಎಫ್ ಅಂತಿದ್ದರೆ ಬೆನ್ನೂ ಪ್ಲಾಸ್ಟಿಕ್, ಹೀಟ್ ಸಿಂಕಿಗೆ ನೇರ ಕೂರಿಸಬಹುದು. ಮೊದಲ ಸಲ ಕಟ್ಟುವವರಿಗೆ ಟಿಎಫ್ ವಾಸಿ. ಶಾಖ ದಾಟಿಸುವುದರಲ್ಲಿ ಟಿಗಿಂತ ಸ್ವಲ್ಪ ಹಿಂದೆ, ಆದರೆ 8 ಓಮ್ ಸ್ಪೀಕರಿಗೆ ಅದು ಅಡ್ಡಿಯಲ್ಲ.

ಲ್ಯಾಮಿಂಗ್ಟನ್ ರಸ್ತೆ ಸುತ್ತು

ಮುಂಬಯಿಯಲ್ಲಿ ಇರುವವರ ಪುಣ್ಯ ಇದು. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವದ ಕಡೆ ಹೊರಬಿದ್ದರೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ನಡೆದೇ ಹೋಗಬಹುದು. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡ್ಕಮ್‌ಕರ್ ಮಾರ್ಗ ಅಂತಿರುತ್ತದೆ, ಹಾಗೆ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಬಂದ್. ಬೆಳಗ್ಗೆ ಬೇಗ ಹೋದರೂ ಶಟರ್ ಎತ್ತಿರುವುದಿಲ್ಲ. ಪುಣೆಯವರಿಗೆ ಇದೇ ಸಾಮಾನು ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಸಿಗುತ್ತದೆ.

ಕೌಂಟರ್ ಮುಂದೆ ನಿಂತು "ಎಲ್‌ಎಂ ಅಡತೀಸ್ ಛಿಯಾಸಿ ಹೈ?" ಅಂದರೆ ಎದುರಿನವನು ತಲೆ ಎತ್ತದೆ ಕೇಳುತ್ತಾನೆ: "ಓರಿಜಿನಲ್ ಚಾಹಿಯೇ ಕಿ ಚಾಲೂ?" ಅಸಲಿ ಬೇಕಾ, ಅಗ್ಗದ ಮಾಲು ಬೇಕಾ ಅಂತ. ಪ್ರಾಮಾಣಿಕ ಪ್ರಶ್ನೆ. ಈ ಐಸಿಯ ನಕಲಿ ಮಾಲು ಬೇಕಾದಷ್ಟಿದೆ. ನಕಲಿ ಐಸಿ ಕಡಿಮೆ ವಾಲ್ಯೂಮಿನಲ್ಲಿ ಹಾಡುತ್ತದೆ ಕೂಡ. ಆದರೆ ಜೋರು ಮಾಡಿದಾಗ ಸುಡುತ್ತದೆ, ಸುಡುವಾಗ ಸ್ಪೀಕರನ್ನೂ ಕರೆದುಕೊಂಡು ಹೋಗುತ್ತದೆ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ಅದನ್ನು ನಂಬಬೇಡಿ. ಐಸಿ ಒಂದನ್ನು ಮಾತ್ರ ದೊಡ್ಡ ಅಧಿಕೃತ ವಿತರಕರಿಂದ ಬಿಲ್ ಸಮೇತ ತರಿಸಿಕೊಂಡು, ಉಳಿದ ಸಾಮಾನು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡರೆ ನೆಮ್ಮದಿ.

ಟ್ರಾನ್ಸ್‌ಫಾರ್ಮರ್ ಮಾತ್ರ ಕೈಯಲ್ಲಿ ಎತ್ತಿ ನೋಡಿಯೇ ಕೊಳ್ಳಬೇಕು. 18-0-18, 5 ಆ್ಯಂಪ್ ಅಂತ ಕೇಳಿ. 36 ವೋಲ್ಟ್ ಗುಣಿಸು 5 ಆ್ಯಂಪ್, ಅಂದರೆ 180 ವಿಎ. ಅಷ್ಟು ನಿಜವಾಗಿ ಕೊಡುವ ಇಐ ಮಾದರಿಯ (ಚೌಕ ತಗಡು ಜೋಡಿಸಿದ) ಟ್ರಾನ್ಸ್‌ಫಾರ್ಮರ್ ಎರಡೂವರೆ, ಮೂರು ಕಿಲೋ ತೂಗುತ್ತದೆ. ಅಂಗೈಯಲ್ಲಿ ಹಗುರವಾಗಿ ಕೂತರೆ ಚೀಟಿಯ ಮೇಲೆ 5 ಆ್ಯಂಪ್ ಅಂತಿದ್ದರೂ ಒಳಗೆ ಇಲ್ಲ ಅಂತಲೇ ಅರ್ಥ. ಸುತ್ತು ತಾಮ್ರದ್ದೋ ಅಲ್ಯೂಮಿನಿಯಂದೋ ಅಂತಲೂ ಕೇಳಿ. ಅಲ್ಯೂಮಿನಿಯಂ ಆದರೆ ಬೇರೆ ಅಂಗಡಿಗೆ ನಡೆಯಿರಿ. ಬಳೆಯ ಆಕಾರದ ಟೊರಾಯ್ಡ್ ಸಿಕ್ಕಿ ದುಡ್ಡೂ ಇದ್ದರೆ ಅದೇ ಒಳ್ಳೆಯದು, ಸುತ್ತ ಸೋರುವ ಕಾಂತಕ್ಷೇತ್ರ ಕಮ್ಮಿ.

ಹಳೇ ಆಂಪ್ಲಿಫೈಯರಿನ ಪೆಟ್ಟಿಗೆ, ದಪ್ಪ ರೆಕ್ಕೆಯ ಹೀಟ್ ಸಿಂಕ್ ಬೇಕಿದ್ದರೆ ಚೋರ್ ಬಜಾರ್ ಒಂದು ಸುತ್ತು ಹಾಕಿ. ಸ್ಕ್ರೂ, ಡ್ರಿಲ್ ಬಿಟ್, ತಿರುಪು ಕೊರೆಯುವ ಟ್ಯಾಪ್ ಇವಕ್ಕೆ ನಾಗದೇವಿ ಬೀದಿ. ಮೇನ್ಸ್ ವೈರ್, ಸ್ವಿಚ್ಚಿಗೆ ಲೋಹಾರ್ ಚಾಳ್. ಒಂದೇ ದಿನ ಎಲ್ಲ ಮುಗಿಸಲು ಹೊರಟರೆ ವಾಪಸ್ ಲೋಕಲ್‌ನಲ್ಲಿ ಸಂಜೆ ರಶ್‌ಗೆ ಮೂರು ಕಿಲೋ ಟ್ರಾನ್ಸ್‌ಫಾರ್ಮರ್ ಎದೆಗೆ ಅವುಚಿಕೊಂಡು ನಿಲ್ಲಬೇಕಾಗುತ್ತದೆ, ಯೋಚಿಸಿ.

ಪವರ್ ಸಪ್ಲೈ

ಎಲ್‌ಎಂ3886ಗೆ ಪ್ಲಸ್ ಮತ್ತು ಮೈನಸ್ ಎರಡೂ ಸಪ್ಲೈ ಬೇಕು. ಟ್ರಾನ್ಸ್‌ಫಾರ್ಮರಿನ ಎರಡು 18 ತುದಿಗಳು ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರಿನ ಎಸಿ ಕಾಲುಗಳಿಗೆ ಹೋಗುತ್ತವೆ. ನಡುವಿನ 0 ತಂತಿ ಗ್ರೌಂಡ್. ಬ್ರಿಡ್ಜ್‌ಗೆ ಕೆಬಿಪಿಸಿ2510 ಹಾಕಿ, 25 ಆ್ಯಂಪ್, 1000 ವೋಲ್ಟ್‌ನದು, ಅಗ್ಗ, ಸಾಯುವುದಿಲ್ಲ. ಅದನ್ನೂ ಪೆಟ್ಟಿಗೆಯ ತಗಡಿಗೆ ಸ್ಕ್ರೂ ಹಾಕಿ ಕೂರಿಸಿ.

18 ವೋಲ್ಟ್ ಎಸಿ ಅಂದರೆ ಅದರ ತುದಿ 18 ಗುಣಿಸು 1.414, ಸುಮಾರು 25 ವೋಲ್ಟ್. ಲೋಡ್ ಇಲ್ಲದಾಗ 26ರಿಂದ 28ರವರೆಗೂ ತೋರಿಸಬಹುದು, ಗಾಬರಿ ಬೇಡ. ಈ ಐಸಿ ಎರಡೂ ಕಡೆ ಸೇರಿ 84 ವೋಲ್ಟ್‌ವರೆಗೆ ತಡೆಯುತ್ತದೆ ಅಂತ ಡೇಟಾಶೀಟ್ ಹೇಳುತ್ತದೆ. ಹಾಗಂತ 24-0-24 ಹಾಕೋಣ ಅಂತ ಅನಿಸುತ್ತದೆ, ಅಲ್ವಾ? 8 ಓಮ್ ಸ್ಪೀಕರ್ ಆದರೆ ಹಾಕಬಹುದು, 50 ವ್ಯಾಟ್ ಹತ್ತಿರ ಸಿಗುತ್ತದೆ. ಆದರೆ 30ರಿಂದ 50ಕ್ಕೆ ಹೋದರೆ ಕಿವಿಗೆ ಸಿಗುವುದು ಎರಡು ಡೆಸಿಬೆಲ್ ಚಿಲ್ಲರೆ. ಐಸಿ ಮೇಲೆ ಬೀಳುವ ಶಾಖ ಮಾತ್ರ ಹೆಚ್ಚೂಕಡಿಮೆ ಎರಡು ಪಟ್ಟು. ಮುಂಬಯಿಯ ಮೇ ತಿಂಗಳಿಗೆ 18 ಸಾಕು.

ಫಿಲ್ಟರ್ ಕೆಪಾಸಿಟರ್: ಪ್ಲಸ್ ಕಡೆ 10,000 ಮೈಕ್ರೋಫ್ಯಾರಡ್, ಮೈನಸ್ ಕಡೆ ಅಷ್ಟೇ, ಎರಡೂ 50 ವೋಲ್ಟ್‌ನವು. ಲೆಕ್ಕ ಸುಲಭ. ನಮ್ಮ ಮೇನ್ಸ್ 50 ಹರ್ಟ್ಜ್, ಬ್ರಿಡ್ಜ್ ಆದಮೇಲೆ ಸೆಕೆಂಡಿಗೆ 100 ಸಲ ತುಂಬುತ್ತದೆ, ಅಂದರೆ ಒಂದು ಸಲಕ್ಕೂ ಇನ್ನೊಂದಕ್ಕೂ 10 ಮಿಲಿಸೆಕೆಂಡ್. ಆ ಹೊತ್ತಿನಲ್ಲಿ 2 ಆ್ಯಂಪ್ ಎಳೆದರೆ 10,000 ಮೈಕ್ರೋಫ್ಯಾರಡ್‌ನಲ್ಲಿ ವೋಲ್ಟೇಜ್ ಹೆಚ್ಚೆಂದರೆ 2 ವೋಲ್ಟ್ ಇಳಿಯುತ್ತದೆ. ಇದಕ್ಕಿಂತ ದೊಡ್ಡದು ಹಾಕಿದರೆ ಸ್ವಿಚ್ ಹಾಕಿದ ತಕ್ಷಣದ ಎಳೆತ ಜಾಸ್ತಿಯಾಗುತ್ತದೆ, ಲಾಭ ಅಷ್ಟಿಲ್ಲ.

ಮೈನಸ್ ಕಡೆಯ ಕೆಪಾಸಿಟರ್ ಕೂರಿಸುವಾಗ ಕಣ್ಣಿಟ್ಟು ನೋಡಿ. ಅದರ ಪ್ಲಸ್ ಕಾಲು ಗ್ರೌಂಡಿಗೆ, ಮೈನಸ್ ಕಾಲು ಮೈನಸ್ ಸಪ್ಲೈಗೆ. ಉಲ್ಟಾ ಹಾಕಿದರೆ ಪಟಾಕಿ. ಪ್ರತಿ ಕೆಪಾಸಿಟರಿಗೂ ಅಡ್ಡಲಾಗಿ 2.2 ಕಿಲೋಓಮ್, 1 ವ್ಯಾಟ್ ರೆಸಿಸ್ಟರ್ ಒಂದೊಂದು ಹಾಕಿ. ಸ್ವಿಚ್ ಆಫ್ ಮಾಡಿದಮೇಲೆ ಎರಡು ನಿಮಿಷದಲ್ಲಿ ಒಳಗಿನ ಚಾರ್ಜ್ ಇಳಿದುಹೋಗುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಟಪ್ ಅನ್ನಿಸಿ ಖಾಲಿ ಮಾಡುವ ಪದ್ಧತಿ ಬಿಟ್ಟುಬಿಡಿ.

ಮೇನ್ಸ್ ಕಡೆ: ಮೂರು ಪಿನ್ ಸಾಕೆಟ್, ಅದರ ಹಿಂದೆಯೇ 1.6 ಆ್ಯಂಪ್ ಸ್ಲೋ ಬ್ಲೋ (ಒಂದು ಕ್ಷಣದ ಎಳೆತಕ್ಕೆ ಹೋಗದ) ಫ್ಯೂಸ್, ಆಮೇಲೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಸ್ವಿಚ್. ತೆರೆದ ಟರ್ಮಿನಲ್ಲಿಗೆಲ್ಲ ಸ್ಲೀವ್ ಹಾಕಿ. ಅರ್ಥ್ ತಂತಿ ಲೋಹದ ಪೆಟ್ಟಿಗೆಗೆ ನೇರವಾಗಿ, ಬಣ್ಣ ಕೆರೆದು, ಬೋಲ್ಟ್ ಹಾಕಿ, ಸ್ಪ್ರಿಂಗ್ ವಾಷರ್ ಸಮೇತ. ಹಳೇ ಚಾಳ್‌ಗಳಲ್ಲಿ ಗೋಡೆಯ ಪ್ಲಗ್ಗಿಗೆ ಮೂರು ತೂತು ಇರುತ್ತದೆ, ಅರ್ಥ್ ಮಾತ್ರ ಹಿಂದೆ ಎಲ್ಲೂ ಹೋಗಿರುವುದಿಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆದು ನೋಡಿಸಿ, ಇಲ್ಲದಿದ್ದರೆ ಹಾಕಿಸಿ. ಇದರಲ್ಲಿ ಚೌಕಾಸಿ ಇಲ್ಲ.

ಬೋರ್ಡ್

ರೆಡಿ ಪಿಸಿಬಿ (ತಾಮ್ರದ ದಾರಿ ಅಚ್ಚಾದ ಬೋರ್ಡ್) ಸಿಗುತ್ತದೆ, ಸಾಲು ತೂತಿನ ವೆರೋ ಬೋರ್ಡಿನಲ್ಲೂ ಮಾಡಬಹುದು. ನನಗೆ ಪಿಸಿಬಿಯೇ ಇಷ್ಟ. ಐಸಿಯ ಹನ್ನೊಂದು ಕಾಲುಗಳು ಹೀಗಿವೆ: 1 ಮತ್ತು 5 ಪ್ಲಸ್ ಸಪ್ಲೈ, 4 ಮೈನಸ್ ಸಪ್ಲೈ, 3 ಔಟ್‌ಪುಟ್, 7 ಗ್ರೌಂಡ್, 8 ಮ್ಯೂಟ್, 9 ಮೈನಸ್ ಇನ್‌ಪುಟ್, 10 ಪ್ಲಸ್ ಇನ್‌ಪುಟ್. 2, 6, 11 ಖಾಲಿ.

ಫೀಡ್‌ಬ್ಯಾಕಿಗೆ 3ನೇ ಕಾಲಿನಿಂದ 9ನೇ ಕಾಲಿಗೆ 22 ಕಿಲೋಓಮ್. 9ರಿಂದ 1 ಕಿಲೋಓಮ್, ಅದರ ಮುಂದೆ 47 ಮೈಕ್ರೋಫ್ಯಾರಡ್ ಕೆಪಾಸಿಟರ್, ಅಲ್ಲಿಂದ ಗ್ರೌಂಡ್. ಗೇನ್, ಅಂದರೆ ಸಿಗ್ನಲ್ ಹಿಗ್ಗುವುದು, 23 ಪಟ್ಟು. ಈ ಐಸಿಗೆ ಗೇನ್ 10ಕ್ಕಿಂತ ಕಮ್ಮಿ ಕೊಟ್ಟರೆ ಆಸಿಲೇಟ್ ಆಗುತ್ತದೆ, ಅಂದರೆ ಸಿಗ್ನಲ್ ಇಲ್ಲದೆಯೂ ತಾನಾಗೇ ಕಂಪಿಸುತ್ತದೆ, ಆದ್ದರಿಂದ ತೀರಾ ಇಳಿಸಬೇಡಿ. 23 ಪಟ್ಟಿಗೆ ಸುಮಾರು 0.7 ವೋಲ್ಟ್ ಇನ್‌ಪುಟ್ ಕೊಟ್ಟರೆ ಪೂರ್ತಿ 30 ವ್ಯಾಟ್ ಬರುತ್ತದೆ. ಸಿಡಿ ಪ್ಲೇಯರ್ ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತದೆ, ಆದ್ದರಿಂದ ಸಿಗ್ನಲನ್ನು ಮೊದಲೇ ಏರಿಸುವ ಬೇರೆ ಪ್ರೀಆ್ಯಂಪ್ ಬೇಡ.

ಇನ್‌ಪುಟ್ ಕಡೆ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್, ಅದರ ಈಚೆ ಗ್ರೌಂಡಿಗೆ 22 ಕಿಲೋಓಮ್, ಅಲ್ಲಿಂದ 1 ಕಿಲೋಓಮ್ ದಾಟಿ 10ನೇ ಕಾಲಿಗೆ. ಎರಡೂ ಇನ್‌ಪುಟ್ಟಿಗೆ 22 ಕಿಲೋಓಮ್ ಆಸುಪಾಸು ಕಾಣಬೇಕು ಅಂತಲೇ ಈ ಬೆಲೆ. ಹಾಗೆ ಮಾಡಿದರೆ ಔಟ್‌ಪುಟ್ಟಿನಲ್ಲಿ ಡಿಸಿ ಕಮ್ಮಿ ಇರುತ್ತದೆ. 10ನೇ ಕಾಲಿನಿಂದ ಗ್ರೌಂಡಿಗೆ 220 ಪಿಕೋಫ್ಯಾರಡ್ ಒಂದು ಹಾಕಿದರೆ ರೇಡಿಯೋ ಸ್ಟೇಷನ್ ತನ್ನಷ್ಟಕ್ಕೆ ಹಾಡುವುದು ತಪ್ಪುತ್ತದೆ.

8ನೇ ಕಾಲನ್ನು ಮರೆಯುವವರೇ ಜಾಸ್ತಿ. ಅದರಿಂದ ಅರ್ಧ ಮಿಲಿಆ್ಯಂಪ್‌ಗಿಂತ ಹೆಚ್ಚು ಕರೆಂಟ್ ಮೈನಸ್ ಸಪ್ಲೈ ಕಡೆ ಹರಿಯದೆ ಇದ್ದರೆ ಐಸಿ ಮ್ಯೂಟ್‌ನಲ್ಲೇ ಕೂತಿರುತ್ತದೆ. ಎಲ್ಲ ಸರಿ ಇದ್ದೂ ಸದ್ದೇ ಬರದೆ ಇದ್ದರೆ ಮೊದಲು ನೋಡಬೇಕಾದ ಜಾಗ ಇದು. 8ರಿಂದ ಮೈನಸ್ ಸಪ್ಲೈಗೆ 22 ಕಿಲೋಓಮ್ ಹಾಕಿದರೆ 1 ಮಿಲಿಆ್ಯಂಪ್ ಹರಿಯುತ್ತದೆ, ಸರಿಹೋಯಿತು. ಆ ರೆಸಿಸ್ಟರನ್ನು ಎರಡಾಗಿ ಒಡೆದು, ತಲಾ 10 ಕಿಲೋಓಮ್, ನಡುವಿನಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಹಾಕಿದರೆ, ಪ್ಲಸ್ ಕಾಲು ಗ್ರೌಂಡಿಗೆ ಬರುವಂತೆ, ಸ್ವಿಚ್ ಹಾಕಿದಾಗ ಬರುವ ಧಬ್ ಸದ್ದು ಹೋಗುತ್ತದೆ.

ಔಟ್‌ಪುಟ್ಟಿನಿಂದ ಗ್ರೌಂಡಿಗೆ 2.7 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸರಣಿಯಲ್ಲಿ. ಸ್ಪೀಕರಿಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಕಾಯಿಲ್, ಅದಕ್ಕೆ ಅಡ್ಡಲಾಗಿ 10 ಓಮ್, 2 ವ್ಯಾಟ್. ಕಾಯಿಲ್ ಕೊಳ್ಳಬೇಕಿಲ್ಲ. 1 ಮಿಲಿಮೀಟರ್ ಎನಾಮಲ್ ತಾಮ್ರದ ತಂತಿಯನ್ನು 10 ಮಿಲಿಮೀಟರ್ ಡ್ರಿಲ್ ಬಿಟ್ಟಿನ ನುಣುಪಾದ ಹಿಡಿಯ ಮೇಲೆ ಹತ್ತು ಸುತ್ತು ಒತ್ತಾಗಿ ಸುತ್ತಿ ಜಾರಿಸಿ ತೆಗೆಯಿರಿ, ಬೇಕಾದ 0.7 ಮೈಕ್ರೋಹೆನ್ರಿ ಹತ್ತಿರ ಬರುತ್ತದೆ. ತುದಿಯ ಎನಾಮಲ್ ಬ್ಲೇಡಿನಿಂದ ಕೆರೆಯದೆ ಸೋಲ್ಡರ್ ಮಾಡಿದರೆ ಹಿಡಿದ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ.

ಇನ್ನೊಂದು ಮುಖ್ಯ ಮಾತು. ಸಪ್ಲೈ ಕಾಲುಗಳ ಬುಡದಲ್ಲೇ, ಸೆಂಟಿಮೀಟರ್ ಲೆಕ್ಕದ ದೂರದಲ್ಲಿ, 0.1 ಮೈಕ್ರೋಫ್ಯಾರಡ್ ಒಂದೊಂದು ಮತ್ತು 220 ಮೈಕ್ರೋಫ್ಯಾರಡ್ ಒಂದೊಂದು ಇರಲೇಬೇಕು. ದೊಡ್ಡ ಕೆಪಾಸಿಟರ್ ಆಚೆ ಇದೆಯಲ್ಲ ಅಂತ ಬಿಟ್ಟರೆ, ವೈರಿನ ಉದ್ದವೇ ಸಾಕು, ಐಸಿ ಕಿವಿಗೆ ಕೇಳದಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗುತ್ತದೆ. ಹಾಡು ಹಾಕದೆಯೂ ಹೀಟ್ ಸಿಂಕ್ ಸುಡುತ್ತಿದ್ದರೆ ಇದೇ ಕಾರಣ ಇರಬಹುದು.

ಹೀಟ್ ಸಿಂಕ್

18-0-18ರಲ್ಲಿ, 8 ಓಮ್ ಸ್ಪೀಕರಿಗೆ, ಕೆಟ್ಟ ಲೆಕ್ಕ ಹಿಡಿದರೂ ಐಸಿ ಒಂದಕ್ಕೆ 18 ವ್ಯಾಟ್ ಶಾಖ. ಎರಡಕ್ಕೆ 36. ವ್ಯಾಟಿಗೆ 1 ಡಿಗ್ರಿ ಏರುವ ಹೀಟ್ ಸಿಂಕ್ ಹಾಕಿದರೆ ಕೋಣೆಯ 35 ಡಿಗ್ರಿ ಮೇಲೆ ಇನ್ನೊಂದು 36. ಐಸಿಗೆ ತೊಂದರೆ ಇಲ್ಲ, ನಿಮ್ಮ ಬೆರಳಿಗೆ ಇದೆ. ಹಾಡಿನಲ್ಲಿ ಸದಾ ಅಷ್ಟು ಬರುವುದಿಲ್ಲ, ಮಾಮೂಲಿ ಕೇಳುವಾಗ ಬೆಚ್ಚಗೆ ಇರುತ್ತದೆ ಅಷ್ಟೇ. ಸ್ಪೀಕರ್ 4 ಓಮ್ ಆದರೆ ಲೆಕ್ಕ ಎರಡು ಪಟ್ಟು. ಆಗ ಐಸಿಗೆ ಒಂದೊಂದು ಹೀಟ್ ಸಿಂಕ್ ಬೇಕು, ಐಸಿಯೂ ಟಿ ಮಾದರಿಯದೇ ಇರಲಿ.

ರೆಕ್ಕೆಗಳು ನೆಟ್ಟಗೆ ಮೇಲೆ ಕೆಳಗೆ ನಿಲ್ಲಬೇಕು, ಗಾಳಿ ಕೆಳಗಿನಿಂದ ಏರಿ ಹೋಗಲಿ. ಹೀಟ್ ಸಿಂಕ್ ಪೇಸ್ಟ್ ತೆಳ್ಳಗೆ ಹಚ್ಚಿ, ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಬೇಡ. ಟಿ ಮಾದರಿ ಆದರೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಿ, ಆಮೇಲೆ ಮೀಟರಿನಲ್ಲಿ ತಗಡಿಗೂ ಹೀಟ್ ಸಿಂಕಿಗೂ ಬೀಪ್ ಬರುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಐಸಿಯನ್ನು ಮೊದಲು ಹೀಟ್ ಸಿಂಕಿಗೆ ಬಿಗಿದು, ಆಮೇಲೆ ಕಾಲುಗಳನ್ನು ಸೋಲ್ಡರ್ ಮಾಡಿ. ಉಲ್ಟಾ ಮಾಡಿದರೆ ಬಿಗಿಯುವಾಗ ಕಾಲುಗಳು ಎಳೆದಾಡುತ್ತವೆ.

ಗ್ರೌಂಡ್, ಇಲ್ಲೇ ಇರುವುದು ಎಲ್ಲಾ

ಸರ್ಕ್ಯೂಟ್ ಚಿತ್ರದಲ್ಲಿ ಎಲ್ಲ ಗ್ರೌಂಡೂ ಒಂದೇ ಥರ ಕಾಣುತ್ತದೆ. ಪೆಟ್ಟಿಗೆಯೊಳಗೆ ಹಾಗಿಲ್ಲ. ಟ್ರಾನ್ಸ್‌ಫಾರ್ಮರ್ ಮತ್ತು ದೊಡ್ಡ ಕೆಪಾಸಿಟರಿನ ನಡುವೆ ಸೆಕೆಂಡಿಗೆ 100 ಸಲ ದೊಡ್ಡ ದೊಡ್ಡ ಕರೆಂಟಿನ ಹೊಡೆತ ಓಡಾಡುತ್ತದೆ. ಆ ತಂತಿಯಲ್ಲಿ ಚೂರು ರೆಸಿಸ್ಟೆನ್ಸ್ ಇದ್ದೇ ಇರುತ್ತದೆ, ಆದ್ದರಿಂದ ಚೂರು ವೋಲ್ಟೇಜೂ ಹುಟ್ಟುತ್ತದೆ. ಅದೇ ತಂತಿಯಲ್ಲಿ ನಿಮ್ಮ ಇನ್‌ಪುಟ್ ಗ್ರೌಂಡೂ ಇದ್ದರೆ ಆ ಚೂರು ವೋಲ್ಟೇಜನ್ನು ಆಂಪ್ಲಿಫೈಯರ್ 23 ಪಟ್ಟು ಮಾಡಿ ಸ್ಪೀಕರಿಗೆ ಕೊಡುತ್ತದೆ. ಅದು ಪಾಪ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ಹಾಗಾಗಿ: ಟ್ರಾನ್ಸ್‌ಫಾರ್ಮರಿನ 0 ತಂತಿ ಎರಡು ಫಿಲ್ಟರ್ ಕೆಪಾಸಿಟರಿನ ನಡುವಿನ ಬಿಂದುವಿಗೆ ಬರಲಿ, ಅಲ್ಲಿಗೇ ನಿಲ್ಲಲಿ. ಆ ಬಿಂದುವಿನಿಂದ ಒಂದು ದಪ್ಪ, ಗಿಡ್ಡ ತಂತಿ ಎಳೆದು ಬೇರೆ ಒಂದು ಬೋಲ್ಟಿಗೆ ತನ್ನಿ. ಇದು ಸ್ಟಾರ್ ಗ್ರೌಂಡ್. ಎರಡು ಬೋರ್ಡಿನ ಪವರ್ ಗ್ರೌಂಡ್, ಎರಡು ಸ್ಪೀಕರಿನ ವಾಪಸ್ ತಂತಿ, ಬೋರ್ಡಿನ ಸಿಗ್ನಲ್ ಗ್ರೌಂಡ್, ಎಲ್ಲ ಬೇರೆ ಬೇರೆ ತಂತಿಯಲ್ಲಿ ಈ ಬೋಲ್ಟಿಗೆ. ಸ್ಪೀಕರಿನ ಮೈನಸ್ಸನ್ನು ಬೋರ್ಡಿನ ಇನ್‌ಪುಟ್ ಗ್ರೌಂಡಿಗೆ ಅಂಟಿಸಬೇಡಿ, ಎಷ್ಟೇ ಹತ್ತಿರ ಇದ್ದರೂ.

ಆರ್‌ಸಿಎ ಸಾಕೆಟ್ (ಹಾಡಿನ ಕೇಬಲ್ ಚುಚ್ಚುವ ಜಾಗ) ಪೆಟ್ಟಿಗೆಯ ತಗಡಿಗೆ ತಾಗಬಾರದು, ಪ್ಲಾಸ್ಟಿಕ್ ವಾಷರ್ ಇರುವ ಮಾದರಿಯೇ ಕೊಳ್ಳಿ. ಅಲ್ಲಿಂದ ವಾಲ್ಯೂಮ್ ಕಂಟ್ರೋಲಿಗೆ, ಅಲ್ಲಿಂದ ಬೋರ್ಡಿಗೆ ಶೀಲ್ಡ್ ವೈರ್. ವಾಲ್ಯೂಮಿಗೆ 50 ಕಿಲೋಓಮ್ ಡಬಲ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್), ಲಾಗ್ ಮಾದರಿ. ನಮ್ಮಲ್ಲಿ ಸಿಗುವ ಪಾಟ್‌ಗಳ ಮೇಲೆ ಹೆಚ್ಚಾಗಿ ಎ ಅಂತಿದ್ದರೆ ಲಾಗ್, ಬಿ ಅಂತಿದ್ದರೆ ಲೀನಿಯರ್. ಲೀನಿಯರ್ ಹಾಕಿದರೆ ಗುಂಡಿ ಸ್ವಲ್ಪ ತಿರುಗಿಸುವಷ್ಟರಲ್ಲೇ ಕಿವಿ ಹರಿಯುತ್ತದೆ, ಆಮೇಲೆ ಉಳಿದರ್ಧ ತಿರುಗಿಸಿದರೂ ಏನೂ ಆಗುವುದಿಲ್ಲ. ಪಾಟ್‌ನ ಲೋಹದ ಮೈಯನ್ನು ಪೆಟ್ಟಿಗೆಗೆ ಸೇರಿಸಿ.

ಇನ್ನು ಸ್ಟಾರ್ ಬೋಲ್ಟಿಗೂ ಪೆಟ್ಟಿಗೆಯ ಅರ್ಥ್‌ಗೂ ನಡುವೆ 10 ಓಮ್, 5 ವ್ಯಾಟ್ ರೆಸಿಸ್ಟರ್, ಅದಕ್ಕೆ ಅಡ್ಡಲಾಗಿ ಹಿಂದೆ ಮುಂದೆ ಜೋಡಿಸಿದ ಎರಡು ದಪ್ಪ ಡಯೋಡ್, ಜೊತೆಗೆ 0.1 ಮೈಕ್ರೋಫ್ಯಾರಡ್. ಗ್ರೌಂಡ್ ಲೂಪಿನ ಸಣ್ಣ ಕರೆಂಟನ್ನು ರೆಸಿಸ್ಟರ್ ತಡೆಯುತ್ತದೆ, ಏನಾದರೂ ಶಾರ್ಟ್ ಆದರೆ ಡಯೋಡ್ ದಾರಿ ಬಿಡುತ್ತದೆ. ಮೇನ್ಸ್ ಅರ್ಥ್ ಮಾತ್ರ ಇದರ ಮೂಲಕ ಅಲ್ಲ, ಮೊದಲೇ ಹೇಳಿದ ಹಾಗೆ ನೇರ ಪೆಟ್ಟಿಗೆಗೆ.

ಟ್ರಾನ್ಸ್‌ಫಾರ್ಮರ್ ಒಂದು ಮೂಲೆಗೆ, ಇನ್‌ಪುಟ್ ಇನ್ನೊಂದು ಮೂಲೆಗೆ. ಇಐ ಮಾದರಿ ಆದರೆ ಕೊನೆಗೆ ಬಿಗಿಯುವ ಮುಂಚೆ ಅತ್ತಿತ್ತ ತಿರುಗಿಸಿ, ಯಾವ ಕೋನದಲ್ಲಿ ಸದ್ದು ಕಮ್ಮಿಯೋ ಅಲ್ಲಿ ಸ್ಕ್ರೂ ಹಾಕಿ. ಟೊರಾಯ್ಡ್ ಆದರೆ ನಡುವಿನ ಬೋಲ್ಟ್ ಮೇಲಿನ ಮುಚ್ಚಳಕ್ಕೂ ಕೆಳಗಿನ ತಗಡಿಗೂ ಎರಡಕ್ಕೂ ತಾಗಬಾರದು. ತಾಗಿದರೆ ಅದೇ ಒಂದು ಶಾರ್ಟ್ ಆದ ಸುತ್ತು, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ.

ಬಲ್ಬ್ ಪರೀಕ್ಷೆ

ಮೊದಲ ಸಲ ನೇರ ಗೋಡೆಯ ಪ್ಲಗ್ಗಿಗೆ ಚುಚ್ಚಬೇಡಿ. 60 ಅಥವಾ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಒಂದನ್ನು ಹೋಲ್ಡರಿಗೆ ಹಾಕಿ ಫೇಸ್ ತಂತಿಯಲ್ಲಿ ಸರಣಿಯಾಗಿ ಸೇರಿಸಿ, ಅದರ ಮೂಲಕ ಕರೆಂಟ್ ಕೊಡಿ. ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ. ಒಳಗೆ ಶಾರ್ಟ್ ಇದ್ದರೆ ಕರೆಂಟೆಲ್ಲ ಬಲ್ಬಿನಲ್ಲಿ ಉರಿದುಹೋಗುತ್ತದೆ, ನಿಮ್ಮ ಸಾಮಾನು ಉಳಿಯುತ್ತದೆ.

ಮೊದಲು ಬರೀ ಟ್ರಾನ್ಸ್‌ಫಾರ್ಮರ್. ಆಮೇಲೆ ಬ್ರಿಡ್ಜ್ ಮತ್ತು ಕೆಪಾಸಿಟರ್. ಬಲ್ಬ್ ಒಂದು ಕ್ಷಣ ಹೊಳೆದು, ಕೆಪಾಸಿಟರ್ ತುಂಬುತ್ತಿದ್ದ ಹಾಗೆ ಮಂಕಾಗಿ, ಕೊನೆಗೆ ತಂತಿ ಸ್ವಲ್ಪ ಕೆಂಪಗೆ ಕಾಣುವಷ್ಟಕ್ಕೆ ಇಳಿಯಬೇಕು ಅಥವಾ ಪೂರ್ತಿ ಆರಬೇಕು. ದೊಂಬಿವಲಿಯಲ್ಲಿ ಅಕ್ಕನ ಮಗ ಕಟ್ಟುವಾಗ ಫೋನ್ ಮಾಡಿದ್ದ.

"ಮಾವ, ಬಲ್ಬ್ ಫುಲ್ ಉರೀತಾನೇ ಇದೆ."

"ಮೊದಲು ಆಫ್ ಮಾಡು. ಮೈನಸ್ ಕಡೆ ಕೆಪಾಸಿಟರಿನ ಬಿಳಿ ಪಟ್ಟಿ ಯಾವ ಕಡೆ ಇದೆ?"

"ಗ್ರೌಂಡ್ ಕಡೆ."

"ಅದೇ ಉಲ್ಟಾ. ಅದನ್ನು ಬಿಸಾಕು, ಹೊಸದು ಹಾಕು. ತಿರುಗಿಸಿ ಹಾಕ್ಬೇಡ."

ಬಲ್ಬ್ ಇಲ್ಲದಿದ್ದರೆ ಅವನ ಮನೆಯ ಹಾಲ್ ತುಂಬ ಕೆಪಾಸಿಟರಿನ ಹತ್ತಿ ಹಾರುತ್ತಿತ್ತು.

ಸಪ್ಲೈ ಸರಿ ಅಂತಾದ ಮೇಲೆ ಎರಡೂ ಕಡೆ ವೋಲ್ಟೇಜ್ ಅಳೆಯಿರಿ. ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು. ಬಲ್ಬ್ ಇರುವಾಗ ಸ್ವಲ್ಪ ಕಮ್ಮಿ ತೋರಿಸಿದರೆ ಪರವಾಗಿಲ್ಲ. ಆಫ್ ಮಾಡಿ, ಕೆಪಾಸಿಟರ್ ಖಾಲಿಯಾಯಿತಾ ಅಂತ ಮೀಟರಿನಲ್ಲಿ ನೋಡಿ, ಒಂದು ಚಾನೆಲ್ ಮಾತ್ರ ಸೇರಿಸಿ. ಸ್ಪೀಕರ್ ಇನ್ನೂ ಬೇಡ. ಇನ್‌ಪುಟ್ಟನ್ನು ಗ್ರೌಂಡಿಗೆ ಶಾರ್ಟ್ ಮಾಡಿ ಆನ್ ಮಾಡಿ, ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸೈ. 100 ದಾಟಿದರೆ ನಿಲ್ಲಿಸಿ, 9 ಮತ್ತು 10ನೇ ಕಾಲಿನ ಸುತ್ತ ಬೆಲೆಗಳನ್ನು ಮತ್ತೆ ನೋಡಿ. ಪೂರ್ತಿ 25 ವೋಲ್ಟೇ ತೋರಿಸಿದರೆ ಐಸಿ ಹೋಗಿದೆ ಅಥವಾ ಕಾಲು ಎಲ್ಲೋ ಕೂಡಿಕೊಂಡಿದೆ. ಸುಮ್ಮನೆ ಕೂತ ಐಸಿ 50 ಮಿಲಿಆ್ಯಂಪ್ ಆಸುಪಾಸು ಎಳೆಯುತ್ತದೆ, ಅಂದರೆ ಎರಡೂವರೆ ವ್ಯಾಟ್. ಹೀಟ್ ಸಿಂಕ್ ನಸುಬೆಚ್ಚಗೆ ಮಾತ್ರ.

ಎರಡನೇ ಚಾನೆಲ್ಲಿಗೂ ಇಷ್ಟೆಲ್ಲ ಮಾಡಿ. ಆಮೇಲೆ ಬಲ್ಬ್ ತೆಗೆದು, ಹೋದರೂ ಹೊಟ್ಟೆ ಉರಿಯದಂಥ ಒಂದು ಹಳೇ ಸ್ಪೀಕರ್ ಹಾಕಿ ಹಾಡು ಹಚ್ಚಿ.

ಗುಂಯ್ ಸದ್ದು ಬಂದರೆ

ವಾಲ್ಯೂಮ್ ಸೊನ್ನೆಗೆ ಇಳಿಸಿ. ಸದ್ದು ಹೋದರೆ ತೊಂದರೆ ಹೊರಗಿದೆ, ಕೇಬಲ್ಲಿನಲ್ಲೋ ಹಾಡು ಬರುವ ಕಡೆಯೋ. ಹೋಗದೆ ಇದ್ದರೆ ಒಳಗಿದೆ. ಒಳಗಿನದು ಎರಡು ಥರ. ಮೆತ್ತಗೆ ಊಂ ಅಂದರೆ 50 ಹರ್ಟ್ಜ್, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಇನ್‌ಪುಟ್ ವೈರಿಗೆ ಹತ್ತುತ್ತಿದೆ, ವೈರ್ ಜಾಗ ಬದಲಿಸಿ. ಜೀರುಂಡೆಯ ಹಾಗೆ ಗರಗರ ಅಂದರೆ 100 ಹರ್ಟ್ಜ್ ಮತ್ತು ಅದರ ಪರಿವಾರ, ಗ್ರೌಂಡ್ ತಂತಿಯೊಂದು ಕೆಪಾಸಿಟರಿನ ನಡುವಿನ ಬಿಂದುವಿಗೇ ಹೋಗಿ ಕೂತಿದೆ. ವಾಲ್ಯೂಮಿನ ಗುಂಡಿ ಮುಟ್ಟಿದಾಗ ಸದ್ದು ಕಮ್ಮಿಯಾದರೆ ಪಾಟ್‌ನ ಮೈ ಗ್ರೌಂಡ್ ಆಗಿಲ್ಲ.

ಟಿವಿಗೆ ಸೇರಿಸಿದಾಗ ಮಾತ್ರ ಗುಂಯ್ ಅಂದರೆ ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲ್ ವೈರ್ ಕಿತ್ತು ನೋಡಿ. ನಮ್ಮ ಬಿಲ್ಡಿಂಗ್‌ಗಳಲ್ಲಿ ಕೇಬಲ್‌ನವರ ವೈರ್ ಟೆರೇಸಿನಿಂದ ಟೆರೇಸಿಗೆ ಹಾರಿ ಬಂದಿರುತ್ತದೆ, ಅದರ ಹೊರಕವಚ ಇನ್ನೆಲ್ಲೋ ಗ್ರೌಂಡ್ ಆಗಿರುತ್ತದೆ. ಎರಡು ಕಡೆ ಗ್ರೌಂಡ್, ನಡುವೆ ನಿಮ್ಮ ಆಂಪ್ಲಿಫೈಯರ್. ಟಿವಿಯಿಂದ ಆಪ್ಟಿಕಲ್ ಔಟ್‌ಪುಟ್ ತೆಗೆದು ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡುವ ಒಂದು ಡಿಎಸಿ ಹಾಕಿದರೆ ಕತೆ ಮುಗಿಯಿತು. ಕೆಲವರು ಆಂಪ್ಲಿಫೈಯರಿನ ಅರ್ಥ್ ಪಿನ್ ಮುರಿದು ಗುಂಯ್ ನಿಲ್ಲಿಸುತ್ತಾರೆ. ನಿಲ್ಲುತ್ತದೆ ನಿಜ. ಒಂದು ದಿನ ಪೆಟ್ಟಿಗೆಗೆ ಫೇಸ್ ತಾಗಿದಾಗ ಮುಟ್ಟಿದವರ ಗತಿ ಏನು ಅಂತ ಯೋಚಿಸುವುದಿಲ್ಲ.

ಒಳ್ಳೆ ಸ್ಪೀಕರ್ ಸೇರಿಸುವ ಮುಂಚೆ

ಐಸಿ ಸತ್ತರೆ ಸಪ್ಲೈನ 25 ವೋಲ್ಟ್ ಡಿಸಿ ನೇರ ಸ್ಪೀಕರಿಗೆ ಹೋಗಬಹುದು. 8 ಓಮ್ ವಾಯ್ಸ್ ಕಾಯಿಲಿಗೆ ಅದು 78 ವ್ಯಾಟ್, ಅದೂ ನಿಂತಲ್ಲೇ. ಸುಟ್ಟ ವಾಸನೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಆದ್ದರಿಂದ ರಿಲೇ ಇರುವ ಸ್ಪೀಕರ್ ಪ್ರೊಟೆಕ್ಷನ್ ಬೋರ್ಡ್ ಒಂದು ಹಾಕಿ, ಸಿ1237 ಐಸಿ ಇರುವುದು ಸುಲಭವಾಗಿ ಸಿಗುತ್ತದೆ. ಔಟ್‌ಪುಟ್ಟಿನಲ್ಲಿ ಡಿಸಿ ಕಂಡರೆ ಅದು ಸ್ಪೀಕರನ್ನು ಕಳಚುತ್ತದೆ.

ಕೇಳಿ ನೋಡಲು ಏನು ಹಾಕಬೇಕು? ನಾನು ಮೊದಲು ತಂಬೂರಿ ಚೆನ್ನಾಗಿ ಕೇಳುವ ಹಿಂದೂಸ್ತಾನಿ ರೆಕಾರ್ಡಿಂಗ್ ಹಾಕುತ್ತೇನೆ, ಭೀಮಸೇನ ಜೋಶಿಯವರದೋ ಮಲ್ಲಿಕಾರ್ಜುನ ಮನ್ಸೂರರದೋ. ಆಲಾಪದ ನಡುವೆ ಅವರು ಉಸಿರು ತೆಗೆದುಕೊಳ್ಳುವಾಗ ಹಿಂದೆ ತಂಬೂರಿ ಮಾತ್ರ ಉಳಿಯುತ್ತದೆ. ಗುಂಯ್ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಯಕ್ಷಗಾನದ ಚೆಂಡೆ. ಪೆಟ್ಟು ಬಿದ್ದ ಕೂಡಲೇ ಚರಚರ ಅನ್ನುತ್ತಿದ್ದರೆ ಐಸಿಯ ಒಳಗಿನ ರಕ್ಷಣೆ ಅಡ್ಡ ಬರುತ್ತಿದೆ. ಸ್ಪೀಕರಿನ ಓಮ್ ಕಮ್ಮಿ, ಅಥವಾ ಹೀಟ್ ಸಿಂಕ್ ಸಾಲದು, ಅಥವಾ ಐಸಿ ಆ "ಚಾಲೂ" ಮಾಲು.

ಮಳೆಗಾಲಕ್ಕೆ ಮುಂಚೆ ಒಂದು ಕೆಲಸ. ಬೋರ್ಡಿನ ಮೇಲೆ ಉಳಿದ ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೇ ಟೂತ್‌ಬ್ರಷ್ ಅದ್ದಿ ಉಜ್ಜಿ ತೆಗೆಯಿರಿ. ತೇವ ಹಿಡಿದ ಫ್ಲಕ್ಸ್ ಇನ್‌ಪುಟ್ ಕಡೆ ಸಣ್ಣಗೆ ಕರೆಂಟ್ ಸೋರಿಸುತ್ತದೆ, ಜುಲೈಯಲ್ಲಿ ಶುರುವಾದ ಗರಗರ ಅಕ್ಟೋಬರಿನಲ್ಲಿ ತಾನಾಗೇ ಹೋಗುತ್ತದೆ, ಕಾರಣ ಹೊಳೆಯುವುದಿಲ್ಲ. ಸಮುದ್ರದ ಹತ್ತಿರ ಇರುವವರ ಆರ್‌ಸಿಎ ಸಾಕೆಟ್ ಹಸಿರು ಹಿಡಿಯುತ್ತದೆ, ಆಗಾಗ ಪ್ಲಗ್ ಎಳೆದು ತಿರುಗಿಸಿ ಹಾಕಿ. ಪೆಟ್ಟಿಗೆಯ ಗಾಳಿ ತೂತುಗಳಿಗೆ ಒಳಗಿನಿಂದ ಸಣ್ಣ ಜಾಲರಿ ಅಂಟಿಸಿ, ಬೆಚ್ಚಗಿನ ಜಾಗ ಅಂತ ಜಿರಳೆ ಬಂದು ಮನೆ ಮಾಡುತ್ತದೆ.